ಗೆಡ್ಡೆಯ ಅಳತೆ, ನಾಡಿನ ಹೆಸರು

ಹೌಜ್ ಖಾಸ್ ಎಂದೊಡನೆ ದಿಲ್ಲಿಯ ಕನ್ನಡಿಗರಾದ ನಮಗೆ ಹಳೆಯ ಕೆರೆ, ಅದರ ದಂಡೆಯ ಮೇಲಿನ ಪಾಳುಬಿದ್ದ ಮದರಸಾ, ಪಕ್ಕದ ಜಿಂಕೆವನ ಇವು ನೆನಪಿಗೆ ಬರುವುವು. ಕ್ರಿ.ಶ. 1300ರ ಸುಮಾರಿನಲ್ಲಿ ಅಲ್ಲಾವುದ್ದೀನ್ ಖಿಲ್ಜಿಯು ತನ್ನ ಹೊಸ ಪಟ್ಟಣವಾದ ಸಿರಿಗೆ ನೀರೊದಗಿಸಲು ಈ ಕೆರೆಯನ್ನು ತೋಡಿಸಿದನು. ಮುಂದೆ ಅದು ಹೂಳು ತುಂಬಿ ನಿಂತಾಗ ಫಿರೋಜ್ ಷಾ ತುಘಲಕನು ಹೂಳೆತ್ತಿಸಿ, 1352ರ ಸುಮಾರಿಗೆ ದಂಡೆಯ ಮೇಲೆ ಮದರಸಾವನ್ನು ಕಟ್ಟಿಸಿದನು. ಊರಿನಿಂದ ನೆಂಟರಿಷ್ಟರು ಬಂದಾಗ ನಾವು ಅವರನ್ನು ಕರೆದೊಯ್ದು ಹೇಳುವ ಚರಿತ್ರೆ ಇಷ್ಟೇ.

ಹೌಜ್ ಖಾಸಿಗೂ ಕನ್ನಡನಾಡಿನ ಹೊಲಗದ್ದೆಗಳಿಗೂ ಇನ್ನೊಂದು ನಂಟು ಉಂಟು. ಅದನ್ನು ಬಲ್ಲವರು ನಮ್ಮಲ್ಲಿ ವಿರಳ. ಆಗಸ್ಟ್ ಕ್ರಾಂತಿ ಮಾರ್ಗದಲ್ಲಿ, ಏಷ್ಯಾಡ್ ಗ್ರಾಮದ ಎದುರಿಗೆ, ಸಿರಿ ಇನ್‌ಸ್ಟಿಟ್ಯೂಷನಲ್ ಏರಿಯಾದ ಸಹಕಾರಿ ಒಕ್ಕೂಟದ ಕಟ್ಟಡದಲ್ಲಿ ಒಂದು ಕೇಂದ್ರ ಕಚೇರಿ ಇದೆ. ಅದರ ಅಂಚೆ ಸಂಖ್ಯೆ ಹೌಜ್ ಖಾಸಿನದೇ, 110016. ಕೃಷಿ ಮತ್ತು ಸಂಸ್ಕರಿತ ಆಹಾರ ಪದಾರ್ಥಗಳ ರಫ್ತು ಅಭಿವೃದ್ಧಿ ಪ್ರಾಧಿಕಾರವೆಂದು ಅದರ ಪೂರ್ಣನಾಮ. ವ್ಯಾಪಾರಿಗಳ ಬಾಯಲ್ಲಿ ಅದು ಅಪೆಡಾ. 1985ರಲ್ಲಿ ಲೋಕಸಭೆ, ರಾಜ್ಯಸಭೆಗಳು ಮಾಡಿದ ಕಾಯಿದೆಯಂತೆ 1986ರ ಫೆಬ್ರುವರಿ 13ರಂದು ಅದು ಅಸ್ತಿತ್ವಕ್ಕೆ ಬಂದಿತು. ಹೂವು, ಹಣ್ಣು, ತರಕಾರಿ ಹೊರದೇಶಕ್ಕೆ ಹೋಗಬೇಕಾದರೆ ಯಾವ ಗಾತ್ರ, ಯಾವ ಬಣ್ಣ, ಯಾವ ಕಟ್ಟು ಎಂಬುದನ್ನು ವ್ಯಾಪಾರಿಗಳಿಗೆ ತಿಳಿಯಹೇಳುವುದೂ ಆ ಕಚೇರಿಯ ಕೆಲಸಗಳಲ್ಲಿ ಒಂದು.

ಕೋಲಾರ, ಚಿಕ್ಕಬಳ್ಳಾಪುರಗಳ ರೈತನು ಹೌಜ್ ಖಾಸಿನ ಹೆಸರನ್ನು ಕೇಳಿಲ್ಲದಿರಬಹುದು. ಆದರೂ ಅವನ ಹೊಲದ ಒಂದು ಚಿಕ್ಕ ಗೆಡ್ಡೆಯ ಭಾಗ್ಯವು ದಿಲ್ಲಿಯ ಕಾಗದಗಳಿಗೆ ಕಟ್ಟುಬಿದ್ದಿದೆ. ಆ ಗೆಡ್ಡೆಯ ಕಥೆಯನ್ನೂ, ಅದರ ಅಳತೆಯ ಕಥೆಯನ್ನೂ ನಾಡಹಬ್ಬದ ಈ ಸಂಚಿಕೆಯಲ್ಲಿ ವಾಚಕರ ಮುಂದಿಡಬೇಕೆಂದು ನಮ್ಮ ಆಸೆ.

ಸಿರಿಯ ತಕ್ಕಡಿ

ಅಳತೆಯ ಮಾತಿಗೆ ಸಿರಿಗಿಂತ ತಕ್ಕ ಜಾಗ ಸಿಗಲಾರದು. ಅಲ್ಲಾವುದ್ದೀನನು ದಿಲ್ಲಿಯ ಪೇಟೆಗಳಲ್ಲಿ ಧಾನ್ಯ, ಬಟ್ಟೆ, ಕುದುರೆ ಮೊದಲಾದ ಸರಕುಗಳಿಗೆಲ್ಲ ಬೆಲೆ ಕಟ್ಟಿದನು. ಮಂಡಿಯ ಮೇಲ್ವಿಚಾರಣೆಗೆ ಶಹನಾ ಎಂಬ ಅಧಿಕಾರಿಯನ್ನು ನೇಮಿಸಿದನು. ತೂಕದಲ್ಲಿ ಕಡಮೆ ಮಾಡಿದ ಅಂಗಡಿಯವನ ಮೈಯಿಂದ ಅಷ್ಟೇ ಮಾಂಸವನ್ನು ಕೊಯ್ಯುತ್ತಿದ್ದರೆಂದು ಚರಿತ್ರಕಾರನಾದ ಜಿಯಾವುದ್ದೀನ್ ಬರನಿಯು ಬರೆದಿದ್ದಾನೆ. ಅದೇ ಸುಲ್ತಾನನ ಸೇನಾನಿಯಾದ ಮಲಿಕ್ ಕಾಫೂರನು 1311ರಲ್ಲಿ ನಮ್ಮ ದೋರಸಮುದ್ರದ ಮೇಲೆ ಏರಿಬಂದುದನ್ನೂ, ಹೊಯ್ಸಳ ಮೂರನೆಯ ಬಲ್ಲಾಳನ ಮಗನು ದಿಲ್ಲಿಗೆ ಬಂದು 1313ರಲ್ಲಿ ಹಿಂದಿರುಗಿದುದನ್ನೂ ಕನ್ನಡಿಗರು ಮರೆಯುವಂತಿಲ್ಲ. ನಾವು ದಿಲ್ಲಿಗೆ ಬರತೊಡಗಿದ್ದು ನಿನ್ನೆ ಮೊನ್ನೆಯಲ್ಲವೆಂದು ಹೇಳಿಕೊಳ್ಳಲು ಇದೊಂದು ಆಧಾರ. ಬಂದ ಬಗೆ ಮಾತ್ರ ಬೇರೆ.

ಭಯದಿಂದ ನಡೆಯುವ ಅಳತೆ ಭಯ ಹಾಕುವವನು ಇರುವವರೆಗೆ ಮಾತ್ರ ನಡೆದೀತು. ಅಲ್ಲಾವುದ್ದೀನನು 1316ರಲ್ಲಿ ತೀರಿಕೊಂಡನು. ಅವನ ಪೇಟೆಯ ಕಟ್ಟಳೆಗಳೂ ಅವನೊಡನೆಯೇ ಹೋದವು. ಕೊಳ್ಳುವವನೂ ಮಾರುವವನೂ ಒಪ್ಪಿ ನಡೆಸಿಕೊಂಡು ಬಂದ ಅಳತೆಗೆ ಆಯುಷ್ಯ ಹೆಚ್ಚು. ಇದಕ್ಕೆ ನಮ್ಮ ನಾಡಿನಲ್ಲಿಯೇ ನಿದರ್ಶನಗಳುಂಟು.

ನಮ್ಮವರ ಅಳತೆಗಳು

ಮಾನ, ಬಳ್ಳ, ಕೊಳಗ, ಖಂಡುಗ ಎಂಬ ಮಾತುಗಳನ್ನು ನಮ್ಮ ಶಾಸನಗಳಲ್ಲಿ ಓದುತ್ತೇವೆ. ನಮ್ಮ ಅಜ್ಜಿಯರ ಬಾಯಲ್ಲಿಯೂ ಕೇಳಿದ್ದೇವೆ. ಬಳ್ಳಿಗಾವೆಯ ಶಾಸನಗಳಲ್ಲಿ ‘ಭೇರುಂಡ ಗಳೆ’ ಎಂಬ ಹೆಸರು ಬರುವುದು; ಅದು ಭೂಮಿಯನ್ನು ಅಳೆಯುವ ಕೋಲು. ಅದೇ ಬಳ್ಳಿಗಾವೆಯಲ್ಲಿ 1047ರಲ್ಲಿ ನಿಲ್ಲಿಸಿದ ಗಂಡಭೇರುಂಡದ ಕಂಬ ಇಂದಿಗೂ ಇದೆ. ಇಂದು ಕರ್ನಾಟಕ ಸರಕಾರದ ಲಾಂಛನದಲ್ಲಿ ನಾವು ಕಾಣುವ ಎರಡು ತಲೆಯ ಹಕ್ಕಿಯು ಒಂದು ಕಾಲಕ್ಕೆ ಅಳತೆಗೋಲಿಗೂ ಹೆಸರು ಕೊಟ್ಟಿತ್ತೆಂಬುದು ರಾಜ್ಯೋತ್ಸವದ ದಿನ ನೆನೆಯತಕ್ಕ ಸಂಗತಿ. ಐಹೊಳೆಯ ಐನೂರ್ವರು ಎಂಬ ವರ್ತಕ ಸಂಘದವರು ಕನ್ನಡನಾಡಿನಿಂದ ಹೊರಟು ತೆಂಕಣ ನಾಡುಗಳಲ್ಲಿಯೂ ಕಡಲಾಚೆಯಲ್ಲಿಯೂ ವ್ಯಾಪಾರ ಮಾಡಿದರು. ತಮ್ಮ ನಡವಳಿಕೆಯ ಕಟ್ಟಳೆಗೆ ಅವರಿಟ್ಟ ಹೆಸರು ಬಣಂಜುಧರ್ಮ. ಧರ್ಮವೆಂಬ ದೊಡ್ಡ ಮಾತನ್ನು ಅವರು ವ್ಯಾಪಾರಕ್ಕೂ ಸಲ್ಲಿಸಿದರೆಂಬುದು ಗಮನಾರ್ಹ.

ಹೂವಿನ ವಿಷಯಕ್ಕೆ ಬಂದರೆ, ಉಡುಪಿಯ ಬಳಿಯ ಶಂಕರಪುರದ ಮಲ್ಲಿಗೆಯವರನ್ನು ನೋಡಬೇಕು. ಎಂಟುನೂರು ಮೊಗ್ಗುಗಳನ್ನು ಬಾಳೆಯ ನಾರಿನಲ್ಲಿ ಕಟ್ಟಿದರೆ ಒಂದು ಚೆಂಡು. ನಾಲ್ಕು ಚೆಂಡಾದರೆ ಒಂದು ಅಟ್ಟೆ. ಎಂದರೆ ಅಟ್ಟೆಯೊಂದಕ್ಕೆ 3,200 ಮೊಗ್ಗು. ಆ ದಿನದ ದರವನ್ನು ಅಟ್ಟೆಯ ಮೇಲೆ ಹೇಳುವರು. ಮುಂಬಯಿಯಲ್ಲಿ ಕೊಳ್ಳುವವನು ಮೊಗ್ಗುಗಳನ್ನು ಎಣಿಸುತ್ತ ಕೂರುವುದಿಲ್ಲ. ಅಟ್ಟೆ ಎಂದರೆ ಅವನಿಗೆ ಸಾಕು. ಬಿ.ಕಾಂ. ತರಗತಿಯ ಪುಸ್ತಕಗಳಲ್ಲಿ ನಾವು ಓದುವ ‘ವಸ್ತುವಿನ ದರ್ಜೆ’ ಎಂಬ ತತ್ವವೆಲ್ಲವೂ ಆ ಬಾಳೆನಾರಿನ ಗಂಟಿನಲ್ಲಿದೆ.

ಹಾಲೆಂಡಿನ ಪಾಠ

ಆದರೆ ಗೆಡ್ಡೆಯನ್ನು ಅಳೆದು ಜಗತ್ತಿಗೆ ಮಾರುವುದನ್ನು ಕಲಿಯಬೇಕಾದರೆ ಹಾಲೆಂಡನ್ನು ನೋಡಬೇಕು. ಈಚಿನ ವರ್ಷಗಳಲ್ಲಿ ಫೆಬ್ರುವರಿ ತಿಂಗಳಿನಲ್ಲಿ ಶಾಂತಿಪಥದ ಇಕ್ಕೆಲಗಳಲ್ಲಿ ಅರಳುವ ಟ್ಯೂಲಿಪ್ ಹೂಗಳನ್ನು ವಾಚಕರು ಮಕ್ಕಳೊಡನೆ ಹೋಗಿ ನೋಡಿರಬಹುದು. 2023ರಲ್ಲಿ ಅಲ್ಲಿ ಟ್ಯೂಲಿಪ್ ಉತ್ಸವವೇ ನಡೆಯಿತು. ಆ ಗೆಡ್ಡೆಗಳನ್ನು ಹೊಸದಿಲ್ಲಿಯ ನಗರಸಭೆಯವರು ಹಾಲೆಂಡಿನಿಂದ ತರಿಸಿ ಚಳಿಗಾಲದಲ್ಲಿ ನೆಡಿಸುವರು. ನಮ್ಮ ಬೇಸಿಗೆಯ ಉರಿಯಲ್ಲಿ ಆ ಗೆಡ್ಡೆ ಬಾಳದು. ಆದ್ದರಿಂದ ಮತ್ತೆ ತರಿಸಬೇಕಾಗುವುದು.

ಟ್ಯೂಲಿಪ್ಪು ಹಾಲೆಂಡಿನ ಗಿಡವಲ್ಲ. ಅದು ತುರ್ಕರ ಸೀಮೆಯಿಂದ ಬಂದುದು. 1593ರಲ್ಲಿ ಕ್ಲೂಸಿಯಸ್ ಎಂಬ ವಿದ್ವಾಂಸನು ಲೈಡನ್ನಿನ ತೋಟದಲ್ಲಿ ಅದನ್ನು ನೆಡಿಸಿದನು. ನಾಲ್ಕು ದಶಕ ಕಳೆಯುವುದರೊಳಗೆ ಆ ದೇಶಕ್ಕೆ ಗೆಡ್ಡೆಯ ಹುಚ್ಚು ಹಿಡಿಯಿತು. ಗೆಡ್ಡೆಯು ಇನ್ನೂ ಮಣ್ಣಿನೊಳಗೆ ಇರುವಾಗಲೇ ಅದನ್ನು ಕಾಗದದ ಮೇಲೆ ಮಾರಿದರು, ಕೊಂಡರು, ಮತ್ತೆ ಮಾರಿದರು. ಬೆಲೆಯುಳ್ಳ ಗೆಡ್ಡೆಗಳನ್ನು ‘ಆಸ್’ ಎಂಬ ತೂಕದಲ್ಲಿ ತೂಗುತ್ತಿದ್ದರು. ಸುಮಾರು ಇಪ್ಪತ್ತು ಆಸ್ ಸೇರಿದರೆ ಒಂದು ಗ್ರಾಂ. ನಮ್ಮ ಅಕ್ಕಸಾಲಿಗರು ಗುಲಗಂಜಿಯಲ್ಲಿ ಚಿನ್ನ ತೂಗುವುದಕ್ಕಿಂತಲೂ ಸೂಕ್ಷ್ಮವಾದ ತೂಕವಿದು! 1637ರ ಫೆಬ್ರುವರಿಯಲ್ಲಿ ಕೊಳ್ಳುವವರಿಲ್ಲದೆ ಬೆಲೆ ಒಮ್ಮೆಗೇ ಕುಸಿಯಿತು.

ಇಲ್ಲೊಂದು ಸ್ವಾರಸ್ಯವಿದೆ. ಆಗ ಎಲ್ಲಕ್ಕಿಂತ ಹೆಚ್ಚು ಬೆಲೆ ಬರುತ್ತಿದ್ದುದು ಪಟ್ಟೆಪಟ್ಟೆಯಾಗಿ ಬಣ್ಣ ಒಡೆದ ಹೂಗಳಿಗೆ. ಆ ಪಟ್ಟೆಗಳು ಬರುವುದು ಒಂದು ವೈರಸ್ ರೋಗದಿಂದ ಎಂಬುದನ್ನು 1928ರಲ್ಲಿ ಇಂಗ್ಲೆಂಡಿನ ಡಾರತಿ ಕೇಲಿ ಎಂಬ ವಿಜ್ಞಾನಿ ತೋರಿಸಿಕೊಟ್ಟರು. ಎಂದರೆ ತೂಕವನ್ನು ಅಷ್ಟು ಸೂಕ್ಷ್ಮವಾಗಿ ಮಾಡಿದ ಜನ ರೋಗದ ಗೆಡ್ಡೆಗೇ ಹೆಚ್ಚು ಹಣ ಕೊಟ್ಟಿದ್ದರು! ಗಾತ್ರವನ್ನು ಮಾತ್ರ ಅಳೆದರೆ ಸಾಲದು, ಆರೋಗ್ಯವನ್ನೂ ನೋಡಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಅನ್ಯದೇಶಗಳೂ ರೋಗದ ಭಯದಿಂದ ಬಾಗಿಲು ಹಾಕತೊಡಗಿದುವು. 1926ರಲ್ಲಿ ಅಮೆರಿಕವು ನಾರ್ಸಿಸಸ್ ಗೆಡ್ಡೆಗಳ ಆಮದಿಗೆ ಬಿಗಿಯಾದ ಕಟ್ಟು ಹಾಕಿತು. ಅದಕ್ಕೆ ಮುಂಚೆಯೇ, 1923ರಲ್ಲಿ, ಹಾಲೆಂಡಿನವರು ಹೂಗೆಡ್ಡೆಗಳ ತಪಾಸಣೆಗೆಂದೇ ಒಂದು ಸಂಸ್ಥೆಯನ್ನು ಕಟ್ಟಿಕೊಂಡಿದ್ದರು. ಹೊಲದಲ್ಲಿ ಗಿಡವಿರುವಾಗಲೇ ಬಂದು ರೋಗವಿದೆಯೇ ಎಂದು ನೋಡುವುದು, ಕಿತ್ತಮೇಲೆ ಮತ್ತೊಮ್ಮೆ ನೋಡುವುದು ಅದರ ಕ್ರಮ. ಜಗತ್ತಿನಲ್ಲಿ ಮಾರಾಟವಾಗುವ ಹೂಗೆಡ್ಡೆಗಳಲ್ಲಿ ಬಹುಪಾಲು ಇಂದಿಗೂ ಆ ಪುಟ್ಟ ದೇಶದ್ದೇ.

ಗಾತ್ರವನ್ನು ಅವರು ಸುತ್ತಳತೆಯಲ್ಲಿ ಹೇಳುವರು. ‘10/11’ ಎಂದರೆ ಹತ್ತರಿಂದ ಹನ್ನೊಂದು ಸೆಂಟಿಮೀಟರ್ ಸುತ್ತಳತೆಯ ಟ್ಯೂಲಿಪ್ ಗೆಡ್ಡೆ. ಅದಕ್ಕೆ ಮೇಲಿನದು ‘11/12’. ಹನ್ನೆರಡಕ್ಕೂ ಮೇಲಾದುದು ಮೊದಲ ದರ್ಜೆ. ಇದು ಬರಿಯ ಅಂದಚೆಂದದ ಲೆಕ್ಕವಲ್ಲ. ಗೆಡ್ಡೆಯೆಂಬುದು ಗಿಡವು ಮುಂದಿನ ವರ್ಷಕ್ಕೆಂದು ಕೂಡಿಟ್ಟ ಗಂಟು. ಅದರಲ್ಲಿ ಕೂಡಿಟ್ಟದ್ದು ಸಾಕಷ್ಟಿದ್ದರೆ ಮಾತ್ರ ಒಳಗೆ ಮೊಗ್ಗು ಕಟ್ಟುವುದು. ತೀರ ಸಣ್ಣದಾದರೆ ಒಂದೇ ಒಂದು ಎಲೆ ಬಿಟ್ಟು ಸುಮ್ಮನಾಗುವುದು. ಬ್ಯಾಂಕಿನ ಉಳಿತಾಯ ಖಾತೆಯಲ್ಲಿ ಕನಿಷ್ಠ ಮೊಬಲಗು ಇರಬೇಕೆನ್ನುವುದಿಲ್ಲವೆ, ಹಾಗೆ. ನಮ್ಮ ಸುಗಂಧರಾಜದ್ದೂ ಇದೇ ಕಥೆ. ಹೆಸರಘಟ್ಟದಲ್ಲಿ 1967ರಲ್ಲಿ ಸ್ಥಾಪನೆಯಾದ ಭಾರತೀಯ ತೋಟಗಾರಿಕೆ ಸಂಶೋಧನ ಸಂಸ್ಥೆಯವರು ‘ಶೃಂಗಾರ್’, ‘ಪ್ರಜ್ವಲ್’ ಮೊದಲಾದ ಸುಗಂಧರಾಜದ ತಳಿಗಳನ್ನು ಕೊಟ್ಟಿದ್ದಾರೆ. ಎಂಥ ಒಳ್ಳೆಯ ತಳಿಯಾದರೂ ಒಂದೂವರೆ ಸೆಂಟಿಮೀಟರಿಗಿಂತ ತೆಳುವಾದ ಗೆಡ್ಡೆಯನ್ನು ನೆಟ್ಟರೆ ಹೂವಿಗಾಗಿ ಕಾಯುವ ಕಾಲ ಬೆಳೆಯುವುದು.

ಗುಲಾಬಿ ಈರುಳ್ಳಿ

ಹೂಗೆಡ್ಡೆಯಿಂದ ಈರುಳ್ಳಿಗೆ ಹಾರಿದರೆ ವಾಚಕರು ಬೆರಗಾಗಬೇಕಾದ್ದಿಲ್ಲ. ಟ್ಯೂಲಿಪ್ಪೂ ಈರುಳ್ಳಿಯೂ ಪದರದ ಮೇಲೆ ಪದರವಾಗಿ ಬೆಳೆದ ಒಂದೇ ಬಗೆಯ ಗೆಡ್ಡೆಗಳು. ಒಂದನ್ನು ಹೂವಿಗಾಗಿಯೂ ಇನ್ನೊಂದನ್ನು ಒಗ್ಗರಣೆಗಾಗಿಯೂ ಕೊಳ್ಳುವರೆಂಬುದೇ ಭೇದ. ಹಾಲೆಂಡಿನವರಿಗೆ ಟ್ಯೂಲಿಪ್ಪು ಹೇಗೋ, ರಫ್ತಿನ ಮಟ್ಟಿಗೆ ನಮ್ಮ ಬೆಂಗಳೂರು ಸೀಮೆಗೆ ಗುಲಾಬಿ ಈರುಳ್ಳಿ ಹಾಗೆ.

ಇದು ಬೆಳೆಯುವುದು ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರ ಜಿಲ್ಲೆಗಳ ಕಡೆ. ವರ್ಷವಿಡೀ ಹರಿಯುವ ಹೊಳೆಯಿಲ್ಲದ ಸೀಮೆ. ಕೆರೆಗಳನ್ನೂ ಕೊಳವೆಬಾವಿಗಳನ್ನೂ ನಂಬಿದ ಬೇಸಾಯ. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ನೆಲದಡಿಯಿಂದ ಬರುವ ಈ ಕೆಂಪು ಗೆಡ್ಡೆ ಈಗಲೂ ಹಡಗು ಹತ್ತುತ್ತಿದೆ. ಕಡುಗೆಂಪು ಬಣ್ಣ, ತಳ ಚಪ್ಪಟೆ, ಮೈ ಗುಂಡಗೆ, ಘಾಟು ಬಲು ಜೋರು. ಬೆಳೆದ ಊರಿನಲ್ಲಿ ಇದಕ್ಕೆ ಅಷ್ಟಾಗಿ ಮನ್ನಣೆಯಿಲ್ಲ. ಸುಲಿಯುವುದಕ್ಕೆ ಹೊತ್ತಾಗುವುದೆಂದು ಗೃಹಿಣಿಯರು ದೊಡ್ಡ ಗೆಡ್ಡೆಗೇ ಕೈಚಾಚುವರು. ಸಿಂಗಪುರ, ಮಲೇಷಿಯ, ಇಂಡೊನೇಷಿಯ, ಸಿಂಹಳಗಳಲ್ಲಿ ಮಾತ್ರ ಇದನ್ನು ಹೆಸರು ಹಿಡಿದು ಕೇಳುವರು. ಅಲ್ಲಿಯ ಅಡಿಗೆಗೂ ಉಪ್ಪಿನಕಾಯಿಗೂ ಸಣ್ಣ ಗೆಡ್ಡೆ, ಹೆಚ್ಚು ಘಾಟು ಬೇಕು. ಊರವರು ಕುಂದೆಂದುದನ್ನು ಹೊರದೇಶದವರು ಗುಣವೆಂದರು. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎಂಬ ಗಾದೆಗೆ ಬೇರೆ ಉದಾಹರಣೆ ಬೇಕೆ?

ಈರುಳ್ಳಿಯನ್ನು ಅಳೆಯುವುದು ಸುತ್ತಳತೆಯಲ್ಲಲ್ಲ, ಅಡ್ಡಗಲದಲ್ಲಿ. ಗೆಡ್ಡೆಯ ಹೊಟ್ಟೆಯ ಭಾಗದಲ್ಲಿ ಎಲ್ಲಿ ಅಗಲ ಹೆಚ್ಚೋ ಅಲ್ಲಿ. ನಮ್ಮ ದೇಶದಿಂದ ಕೊಲ್ಲಿ ರಾಷ್ಟ್ರಗಳಿಗೆ ಹೋಗುವ ದೊಡ್ಡ ಈರುಳ್ಳಿ ಸಾಮಾನ್ಯವಾಗಿ 40ರಿಂದ 60 ಮಿಲಿಮೀಟರ್. ನೇಪಾಳ, ಬಾಂಗ್ಲಾದೇಶಗಳ ಕಡೆಗೆ ಹೋಗುವುದು 30ರಿಂದ 40. ಬೆಂಗಳೂರು ಗುಲಾಬಿಗೆ ಹೇಳಿದ ಅಳತೆ 25ರಿಂದ 35. ನಮ್ಮ ಹತ್ತು ರೂಪಾಯಿಯ ನಾಣ್ಯದ ಅಡ್ಡಗಲ 27 ಮಿಲಿಮೀಟರ್. ಅದನ್ನು ಗೆಡ್ಡೆಯ ಪಕ್ಕದಲ್ಲಿಟ್ಟು ನೋಡಿದರೆ ಅಂದಾಜು ಸಿಗುವುದು. ಇದನ್ನೇ ಹಾಲೆಂಡಿನ ಲೆಕ್ಕಕ್ಕೆ ತಿರುಗಿಸಿದರೆ ಸುತ್ತಳತೆ ಸುಮಾರು ಎಂಟರಿಂದ ಹನ್ನೊಂದು ಸೆಂಟಿಮೀಟರ್. ಶಾಂತಿಪಥದ ‘10/11’ ಟ್ಯೂಲಿಪ್ ಗೆಡ್ಡೆಯೂ ಚಿಕ್ಕಬಳ್ಳಾಪುರದ ದಪ್ಪನೆಯ ಗುಲಾಬಿ ಈರುಳ್ಳಿಯೂ ಅಳತೆಯಲ್ಲಿ ಸರಿಸುಮಾರು ಅಕ್ಕತಂಗಿಯರು!

ಜಿನೀವಾದಲ್ಲಿರುವ ವಿಶ್ವಸಂಸ್ಥೆಯ ಯೂರೋಪು ಆರ್ಥಿಕ ಆಯೋಗವು ಈರುಳ್ಳಿಗೆಂದು ಬರೆದ ನಿಯಮದಲ್ಲಿ ಕನಿಷ್ಠ ಅಡ್ಡಗಲ ಕೇವಲ 10 ಮಿಲಿಮೀಟರ್. ಅಲ್ಲಿ ಒತ್ತು ಕೊಟ್ಟಿರುವುದು ಬೇರೆ ಗುಣಗಳಿಗೆ: ಗೆಡ್ಡೆ ಕೊಳೆತಿರಬಾರದು, ಗಟ್ಟಿಯಾಗಿರಬೇಕು, ಶುಭ್ರವಾಗಿರಬೇಕು, ಒಂದು ಚೀಲದೊಳಗಿನ ಗೆಡ್ಡೆಗಳು ತಮ್ಮ ತಮ್ಮಲ್ಲಿ ಸಮನಾಗಿರಬೇಕು. ಅಳತೆಯೆಂದರೆ ದೊಡ್ಡದಾಗಿರಬೇಕೆಂಬ ಹಟವಲ್ಲ. ಹೇಳಿದಂತೆ ಇರಬೇಕೆಂಬ ಮಾತು. ಮೇಲೆ ದಪ್ಪನೆಯವನ್ನು ಇಟ್ಟು ಅಡಿಯಲ್ಲಿ ಪುಡಿಯನ್ನು ತುಂಬುವ ಚಾಳಿ ಯಾವ ದೇಶಕ್ಕೂ ಹೊಸದಲ್ಲ. ಅದನ್ನು ತಡೆಯುವುದಕ್ಕೇ ಈ ಎಲ್ಲ ಬರೆಹ.

ನಮ್ಮ ದೇಶದಲ್ಲಿ ಇಂಥ ದರ್ಜೆಗಳಿಗೆ ಬುನಾದಿಯಾದದ್ದು 1937ರ ಕೃಷಿ ಉತ್ಪನ್ನಗಳ ದರ್ಜೆ ಮತ್ತು ಗುರುತಿನ ಕಾಯಿದೆ. ತುಪ್ಪದ ಡಬ್ಬಿಯ ಮೇಲೆ, ಜೇನಿನ ಸೀಸೆಯ ಮೇಲೆ ನಾವು ನೋಡುವ ಆಗ್‌ಮಾರ್ಕ್ ಮುದ್ರೆ ಆ ಕಾಯಿದೆಯ ಮಗು. ಅದನ್ನು ನಡೆಸುವ ಇಲಾಖೆಯ ಕೇಂದ್ರ ಕಚೇರಿ ನಮ್ಮ ನೆರೆಯ ಫರೀದಾಬಾದಿನಲ್ಲಿದೆ. 1958ರ ಅಕ್ಟೋಬರ್ 2ರಂದು ಹುಟ್ಟಿದ ಸಹಕಾರಿ ಮಾರಾಟ ಒಕ್ಕೂಟವಾದ ನೆಫೆಡ್ಡಿನ ಕೈಯಲ್ಲಿ ಈರುಳ್ಳಿಯ ರಫ್ತು ಬಹಳ ಕಾಲ ಸಾಗಿತು. ಭೌಗೋಳಿಕ ಗುರುತಿನ ಕಾಯಿದೆ 1999ರಲ್ಲಿ ಆಗಿ 2003ರಲ್ಲಿ ಜಾರಿಗೆ ಬಂದಮೇಲೆ ಮೈಸೂರು, ಉಡುಪಿ, ಹಡಗಲಿಗಳ ಮಲ್ಲಿಗೆಗಳು ತಮ್ಮ ಹೆಸರನ್ನು ಅಲ್ಲಿ ಬರೆಸಿಕೊಂಡವು. ಬೆಂಗಳೂರು ಗುಲಾಬಿ ಈರುಳ್ಳಿಗೆ ಆ ಗುರುತು 2015ರಲ್ಲಿ ದೊರೆಯಿತು. ಅಳತೆ ಮೊದಲೇ ಇತ್ತು, ಹೆಸರೂ ಸೇರಿತು.

ಕಾಗದದ ಮೇಲಿನ ಗೆಡ್ಡೆ

ಇಷ್ಟೆಲ್ಲ ಬರೆಹದಿಂದ ರೈತನಿಗೆ ಆಗುವ ಲಾಭವೇನೆಂದು ಕೇಳಬಹುದು. ನಮ್ಮ ಉದ್ಯೋಗದ ಕಡೆಯಿಂದ ಒಂದೆರಡು ಮಾತು ಹೇಳುತ್ತೇವೆ. ಸಿಂಗಪುರದ ವರ್ತಕನು ಕೋಲಾರದ ಹೊಲವನ್ನು ನೋಡುವುದಿಲ್ಲ. ಅವನ ಪರವಾಗಿ ಅವನ ಬ್ಯಾಂಕು ಸಾಖಪತ್ರವನ್ನು, ಎಂದರೆ ಲೆಟರ್ ಆಫ್ ಕ್ರೆಡಿಟ್ಟನ್ನು, ಕೊಡುವುದು. ಹಡಗಿನ ರಸೀತಿ, ಬೆಲೆಪಟ್ಟಿ, ಮೂಲಸ್ಥಳದ ಪ್ರಮಾಣಪತ್ರ, ಸಸ್ಯಕ್ಕೆ ರೋಗವಿಲ್ಲವೆಂಬ ಪ್ರಮಾಣಪತ್ರ, ದರ್ಜೆಯ ಪ್ರಮಾಣಪತ್ರ ಇವುಗಳಲ್ಲಿ ಅದು ಕೇಳಿದವೆಲ್ಲ ಸರಿಯಾಗಿ ಬಂದರೆ ಹಣ. ಒಂದಕ್ಷರ ತಪ್ಪಿದರೆ ತಕರಾರು. ಈ ವ್ಯವಹಾರಕ್ಕೆ ಅಂತಾರಾಷ್ಟ್ರೀಯ ವಾಣಿಜ್ಯ ಮಂಡಲಿಯವರು 1933ರಲ್ಲಿ ಮೊದಲ ಬಾರಿಗೆ ಏಕರೂಪದ ನಿಯಮಗಳನ್ನು ಹೊರಡಿಸಿದರು. ಇಂದು ನಡೆಯುತ್ತಿರುವುದು 2007ರ ಜುಲೈ 1ರಿಂದ ಜಾರಿಯಲ್ಲಿರುವ ಆವೃತ್ತಿ. ಬ್ಯಾಂಕುಗಳು ವ್ಯವಹರಿಸುವುದು ಕಾಗದಪತ್ರಗಳೊಡನೆಯೇ ಹೊರತು ಸರಕಿನೊಡನೆ ಅಲ್ಲ ಎಂಬುದು ಅದರ ಐದನೆಯ ವಿಧಿಯ ಸಾರ.

ಮೇಜಿನ ಹಿಂದೆ ಕೂತ ಗುಮಾಸ್ತರಾದ ನಮಗೆ ಈರುಳ್ಳಿಯ ವಾಸನೆ ಬರುವುದಿಲ್ಲ. ಕಣ್ಣಲ್ಲಿ ನೀರೂ ಬರುವುದಿಲ್ಲ. ನಮಗೆ ಕಾಣುವುದು ‘ಬೆಂಗಳೂರು ಗುಲಾಬಿ, 25-35 ಮಿ.ಮೀ.’ ಎಂಬ ಒಂದು ಸಾಲು. ಆದರೆ ಆ ಸಾಲು ಇಲ್ಲವಾದರೆ ನಮ್ಮ ಗೆಡ್ಡೆ ಬರಿಯ ಈರುಳ್ಳಿಯಾಗಿ ಬಿಡುವುದು. ಅದೂ ಚಿಕ್ಕ ಈರುಳ್ಳಿ. ಚಿಕ್ಕದೆಂದು ಬೆಲೆ ತಗ್ಗುವುದು. ಸಾಲು ಇದ್ದರೆ ಅದೇ ಚಿಕ್ಕತನಕ್ಕೆ ಬೆಲೆ ಏರುವುದು. ರೈತನ ಹೊಲದಲ್ಲಿ ಜರಡಿ ಹಿಡಿದು ಗೆಡ್ಡೆ ಆರಿಸುವ ಹೆಂಗಸರ ಕೆಲಸಕ್ಕೂ ಕಡಲಾಚೆಯ ಹಣಕ್ಕೂ ನಡುವೆ ಇರುವ ಸೇತುವೆ ಆ ಒಂದು ಸಾಲು.

ಒಂದೇ ಜರಡಿ

ಇನ್ನು ಕಥೆಯ ಕಹಿಯಾದ ಭಾಗ. ದಿಲ್ಲಿಯಲ್ಲಿ ಈರುಳ್ಳಿಯ ಬೆಲೆ ಏರಿದರೆ ಸಿಂಹಾಸನಗಳು ಅಲುಗಾಡುವುವೆಂದು ಹೇಳುವರು. 1998ರ ನವೆಂಬರಿನ ದಿಲ್ಲಿ ವಿಧಾನಸಭೆಯ ಚುನಾವಣೆಯನ್ನು ಹಿರಿಯರು ಇಂದಿಗೂ ನೆನೆಯುವರು. ಬೆಲೆ ಏರಿದಾಗ ಸರಕಾರವು ರಫ್ತನ್ನು ತಡೆಯುವುದು ಸಹಜ. ಸಂಬಳದಲ್ಲಿ ಸಂಸಾರ ಮಾಡುವ ನಮಗೂ ಅದು ಬೇಡವೆನ್ನಿಸದು. ಆದರೆ ದೊಡ್ಡ ಈರುಳ್ಳಿಗೆಂದು ಹಿಡಿದ ಜರಡಿಯಲ್ಲಿ ನಮ್ಮ ಗುಲಾಬಿಯೂ ಸಿಕ್ಕಿಕೊಳ್ಳುವುದು.

2019ರ ಸೆಪ್ಟೆಂಬರ್ 29ರಂದು ಎಲ್ಲ ಈರುಳ್ಳಿಯ ರಫ್ತೂ ನಿಂತಿತು. ಅಕ್ಟೋಬರ್ 28ರಂದು, ಎಂದರೆ 29 ದಿನಗಳ ಮೇಲೆ, ಬೆಂಗಳೂರು ಗುಲಾಬಿಗೆ ಮಾತ್ರ 9,000 ಟನ್ನಿನ ಮಿತಿಯಲ್ಲಿ, ಚೆನ್ನೈ ಬಂದರಿನಿಂದ, ನವೆಂಬರ್ ಕೊನೆಯವರೆಗೆ ಅಪ್ಪಣೆಯಾಯಿತು. 2020ರ ಸೆಪ್ಟೆಂಬರ್ 14ರಂದು ಮತ್ತೆ ನಿಷೇಧ. 25 ದಿನಗಳ ಮೇಲೆ, ಅಕ್ಟೋಬರ್ 9ರಂದು, ನಮ್ಮ ಗುಲಾಬಿಗೆ 10,000 ಟನ್, ಆಂಧ್ರದ ಕೃಷ್ಣಾಪುರಂ ಈರುಳ್ಳಿಗೆ 10,000 ಟನ್ ಬಿಡುವು. 2023ರ ಆಗಸ್ಟ್ 19ರಂದು ರಫ್ತಿನ ಮೇಲೆ ಶೇಕಡ 40ರ ಸುಂಕ; ಗುಲಾಬಿಗೆ ವಿನಾಯಿತಿ ಬಂದದ್ದು 41 ದಿನಗಳ ಮೇಲೆ, ಸೆಪ್ಟೆಂಬರ್ 29ರಂದು. ಅದೇ ಡಿಸೆಂಬರಿನಲ್ಲಿ ಈರುಳ್ಳಿಯ ರಫ್ತಿಗೆ ನಿಷೇಧ ಬಂದು 2024ರ ಮೇ 4ರಂದು ತೆರವಾಯಿತು. ಆಗ ಶೇಕಡ 40ರ ಸುಂಕವಿತ್ತು. ಗುಲಾಬಿಗೆ ಅದರಿಂದ ಬಿಡುಗಡೆ ಮೇ 29ರಂದು, 25 ದಿನಗಳ ಮೇಲೆ. 2025ರ ಏಪ್ರಿಲ್ 1ರಿಂದ ಎಲ್ಲ ಈರುಳ್ಳಿಯ ಮೇಲಿನ ರಫ್ತು ಸುಂಕವೂ ಹೋಯಿತು.

ಲೆಕ್ಕ ಬರೆಯುವವರ ಕಣ್ಣಿಗೆ ಇಲ್ಲಿ ಎರಡು ಸಂಗತಿ ಹೊಳೆಯುವುವು. ಮೊದಲನೆಯದು ಪ್ರಮಾಣ. ದೇಶದಲ್ಲಿ ಒಂದು ವರ್ಷಕ್ಕೆ ಬೆಳೆಯುವ ಈರುಳ್ಳಿ ಎರಡು ಕೋಟಿ ಟನ್ನಿಗೂ ಮೇಲು. ಅದರಲ್ಲಿ 9,000 ಟನ್ನೆಂದರೆ ಹತ್ತು ಸಾವಿರದಲ್ಲಿ ನಾಲ್ಕೈದು ಭಾಗ. ಇದನ್ನು ಬಂದರಿನಲ್ಲಿ ತಡೆದುದರಿಂದ ಆಜಾದಪುರದ ಮಂಡಿಯಲ್ಲಿ ಬೆಲೆ ಕಾಸಿನಷ್ಟೂ ಇಳಿಯದು; ದಿಲ್ಲಿಯವರು ತಿನ್ನುವ ಈರುಳ್ಳಿಯೂ ಇದಲ್ಲ. ಎರಡನೆಯದು ಕಾಲ. 29 ದಿನ, 25 ದಿನ, 41 ದಿನ ಎಂಬುವು ಕಚೇರಿಯ ಕಡತಕ್ಕೆ ಹೆಚ್ಚಲ್ಲ. ಕಿತ್ತ ಈರುಳ್ಳಿ ಅಪ್ಪಣೆಗಾಗಿ ಕಾಯುವುದಿಲ್ಲ; ಮಳೆ ಹನಿಸಿದರೆ ಕೊಳೆಯುವುದು, ಇಲ್ಲವೆ ಮೊಳೆಯುವುದು. ಆ ದಿನಗಳಲ್ಲಿ ಸಾಲದ ಬಡ್ಡಿ ಮಾತ್ರ ಮೊಳೆಯದೆ ಬೆಳೆಯುವುದು. ಸಿಂಗಪುರದ ವರ್ತಕನೂ ಕಾಯುವವನಲ್ಲ; ಇನ್ನೊಂದು ದೇಶದ ಗೆಡ್ಡೆಯನ್ನು ಹುಡುಕಿಕೊಳ್ಳುವನು. ಕೈಬಿಟ್ಟುಹೋದ ಗಿರಾಕಿಯನ್ನು ವಿನಾಯಿತಿಯ ಆಜ್ಞೆ ಮರಳಿ ತಂದುಕೊಡಲಾರದು.

ಆದರೂ ಸಂತೋಷಪಡತಕ್ಕ ಅಂಶವೊಂದುಂಟು. ಈ ವಿನಾಯಿತಿಗಳೆಲ್ಲ ನಿಂತಿರುವುದು ಒಂದು ಪ್ರಮಾಣಪತ್ರದ ಮೇಲೆ. ಸರಕು ಬೆಂಗಳೂರು ಗುಲಾಬಿಯೇ ಹೌದೆಂದು ಕರ್ನಾಟಕ ಸರಕಾರದ ತೋಟಗಾರಿಕೆ ಆಯುಕ್ತರು ಬರೆದುಕೊಡಬೇಕು. ಬಣ್ಣ, ಆಕಾರ, ಅಳತೆ ಇವು ಮೊದಲೇ ಬರೆದಿಟ್ಟವಾದ್ದರಿಂದ ಹಾಗೆ ಬರೆದುಕೊಡಲು ಬಂದಿತು. ಬರೆದ ಅಳತೆಯಿಲ್ಲದಿದ್ದರೆ ಯಾವ ಅಧಿಕಾರಿಯೂ ಯಾವುದನ್ನು ಬಿಡುವುದು, ಯಾವುದನ್ನು ಹಿಡಿಯುವುದು ಎಂದು ಹೇಳಲಾರನು. ಇನ್ನು ಉಳಿದಿರುವ ಕೆಲಸ ಚಿಕ್ಕದು. ಮುಂದೆ ಎಂದಾದರೂ ನಿಷೇಧ ಬರುವುದಾದರೆ, ವಿನಾಯಿತಿಯ ಸಾಲು ನಿಷೇಧದ ಆಜ್ಞೆಯಲ್ಲಿಯೇ ಇರಲಿ. ತಿಂಗಳು ಕಳೆದು ಬೇರೆ ಹಾಳೆಯಲ್ಲಿ ಬರುವುದು ಬೇಡ. ದಿಲ್ಲಿಯಲ್ಲಿರುವ ಕನ್ನಡಿಗರಲ್ಲಿ ಕಚೇರಿಗಳಲ್ಲಿ ಕೆಲಸ ಮಾಡುವವರೂ, ಪತ್ರಿಕೆಗಳಲ್ಲಿ ಬರೆಯುವವರೂ, ನಮ್ಮ ಸಂಸತ್ ಸದಸ್ಯರನ್ನು ಬಲ್ಲವರೂ ಇದ್ದಾರೆ. ಈ ಒಂದು ಮಾತನ್ನು ಸರಿಯಾದ ಕಿವಿಗೆ ಮುಟ್ಟಿಸುವುದು ನಮ್ಮ ಕೈಯಲ್ಲಿ ಆಗದ ಕೆಲಸವೇನೂ ಅಲ್ಲ.

ಬೇಡಿಕೆಯೊಡನೆ ಹೊಣೆಯೂ ಇದೆಯೆಂಬುದನ್ನು ಮರೆಯಬಾರದು. ಗುಲಾಬಿಯ ಹೆಸರಿನಲ್ಲಿ ಬೇರೆ ಈರುಳ್ಳಿಯನ್ನು ಹಡಗು ಹತ್ತಿಸಿದರೆ ವಿನಾಯಿತಿಯೂ ಉಳಿಯದು, ಹೆಸರೂ ಉಳಿಯದು. ಹಾಲೆಂಡಿನವರು ಮುನ್ನೂರು ವರ್ಷ ಕಲಿತದ್ದು ಇದನ್ನೇ. ಐನೂರ್ವರು ಬಣಂಜುಧರ್ಮವೆಂದುದೂ, ಶಂಕರಪುರದವರು 3,200 ಮೊಗ್ಗು ಎಣಿಸಿ ಅಟ್ಟೆ ಕಟ್ಟುವುದೂ ಇದನ್ನೇ.

1956ರ ನವೆಂಬರ್ 1ರಂದು ಕನ್ನಡ ನುಡಿಯ ಜನ ಒಂದು ರಾಜ್ಯವಾದರು. 1973ರ ನವೆಂಬರ್ 1ರಂದು ಅದಕ್ಕೆ ಕರ್ನಾಟಕವೆಂಬ ಹೆಸರಾಯಿತು. ಇದ್ದುದನ್ನು ಗುರುತಿಸಿ ಹೆಸರಿಟ್ಟುದರಿಂದ ಬಂದ ಬಲ ಎಷ್ಟೆಂಬುದನ್ನು ನಾವು ಕಂಡಿದ್ದೇವೆ. ಈ ಮಹಾನಗರದಲ್ಲಿ ಕನ್ನಡಿಗರು ಸಂಖ್ಯೆಯಲ್ಲಿ ಚಿಕ್ಕವರು. ದೊಡ್ಡ ಗಾತ್ರದವರ ಲೆಕ್ಕದಲ್ಲಿ ನಮ್ಮನ್ನೂ ಸೇರಿಸಿ ಎಣಿಸುವುದು ಇಲ್ಲಿಯ ವಾಡಿಕೆ. ನಮ್ಮ ಬಣ್ಣ, ನಮ್ಮ ಘಾಟು ಬೇರೆಯೆಂದು ಹೇಳಿಕೊಳ್ಳಲು ನಾಚಬೇಕಾದ್ದಿಲ್ಲ. ಹೇಳಿದಂತೆ ಇರಬೇಕು, ಅಷ್ಟೆ. ಮುಂದಿನ ಸಲ ಊರಿಗೆ ಹೋದ ವಾಚಕರು ಬೆಂಗಳೂರಿನ ಪೇಟೆಯಲ್ಲಿ ಆ ಕಡುಗೆಂಪು ಪುಟ್ಟ ಗೆಡ್ಡೆಯನ್ನು ಕಂಡರೆ ಸಣ್ಣದೆಂದು ಬದಿಗಿಡದೆ ಒಂದು ಸೇರು ಕೊಳ್ಳಲಿ. ಸುಲಿಯಲು ತುಸು ಹೊತ್ತು ಹೆಚ್ಚು ಹಿಡಿದೀತು. ಹುಳಿಯ ರುಚಿ ಅದನ್ನು ಮರೆಸುವುದು.